ದಾದೂ ಕಾಕಾನ ಕಾಲಲ್ಲಿ ಅಪ್ಪನ ಸಪ್ಪಳ

೧೯೯೩ರ ಫೆಬ್ರವರಿ ತಿಂಗಳ ಒಂದು ಭಾನುವಾರ, ಬೆಳಗಿನ ಏಳೂಕಾಲು ಗಂಟೆ. ಸ್ಥಳ, ಭೋಜದಲ್ಲಿರುವ ನನ್ನ ತವರುಮನೆಯ ಅಡುಗೆಮನೆ. ಹಾಜರಿದ್ದವರು: ಒಲೆಯ ಮುಂದೆ ಅವ್ವ, ರೊಟ್ಟಿ ಬಡಿಯುತ್ತಿದ್ದ ತಮ್ಮನ ಹೆಂಡತಿ ಶೋಭಾ, ಹಲ್ಲುಜ್ಜದೆ ಬೆಲ್ಲ ತಿನ್ನುತ್ತಿದ್ದ ಅವಳ ಮಗಳು ಚಿಮಿ, ಅದನ್ನು ಗಮನಿಸುತ್ತಿದ್ದ ನಾನು. ತಮ್ಮ ಬಾಳು ಹಿತ್ತಲಿನಲ್ಲಿ ಎಮ್ಮೆಯ ಪಕ್ಕ ಬಕೀಟು ಹಿಡಿದು ಕುಳಿತಿದ್ದ. ಗೈರುಹಾಜರಾದವರು: ಅಪ್ಪ. ಕಾರಣ: ಅವನು ತೀರಿಕೊಂಡು ಮೂರು ವಾರವಾಗಿತ್ತು.

ಇಷ್ಟನ್ನು ಅಚ್ಚುಕಟ್ಟಾಗಿ ಬರೆದಿಡಲು ಕಾರಣವಿದೆ. ಅಲ್ಲಿಂದ ಮುಂದೆ ಆ ದಿನ ನಡೆದದ್ದರಲ್ಲಿ ಅಚ್ಚುಕಟ್ಟು ಎನ್ನುವುದು ಎಳ್ಳಷ್ಟೂ ಇರಲಿಲ್ಲ. ಹನುಮಪ್ಪನ ಗುಡಿಯ ಮೂಲೆಯಿಂದ ಅಪ್ಪ ಬರುವ ಸಪ್ಪಳ ಕೇಳಿಸಿತು.

ಕರ್ರ್. ಕರ್ರ್. ಕರ್ರ್.

ಅವ್ವನ ಕೈ ತಾನಾಗಿಯೇ ಚಹಾದ ಪಾತ್ರೆಯನ್ನು ಒಲೆಗೇರಿಸಿತು. ನೀರು, ಸಕ್ಕರೆ, ಪುಡಿ ಒಂದರ ಹಿಂದೊಂದು ಬಿದ್ದವು. ಅಂಗಳದಲ್ಲಿ ಮುದುಡಿ ಮಲಗಿದ್ದ ನಾಯಿ ಬಾಲವನ್ನು ಮೊದಲು ಎಬ್ಬಿಸಿ ಆಮೇಲೆ ತಾನು ಎದ್ದಿತು. ಹಿತ್ತಲಿನಿಂದ ಬಾಳು ಕೂಗಿದ: "ಇಳಸ್ತು ನೋಡ್ರಿ, ಎಮ್ಮಿ ಹಾಲು ಇಳಸ್ತು!" ಚಿಮಿ ಬೆಲ್ಲದ ಕೈಯಲ್ಲೇ ಬಾಗಿಲಿಗೆ ಓಡಿದಳು. ನಾನು, ನಗಬೇಡಿ, ಗಡಿಯಾರ ನೋಡಿಕೊಂಡೆ.

ಸಪ್ಪಳ ಬಾಗಿಲ ಮುಂದೆ ಬಂತು. ಬಂದು, ಹಾಗೆಯೇ ಮುಂದೆ ಹೋಯಿತು.

ಬೀದಿಯಲ್ಲಿ ದಾದೂ ಕಾಕಾ ಹೋಗುತ್ತಿದ್ದ. ಅಪ್ಪನ ಬಾಲ್ಯದ ಗೆಳೆಯ, ಪಕ್ಕದ ಓಣಿಯವ. ತಲೆ ತಗ್ಗಿಸಿ, ತಪ್ಪು ಮಾಡಿದವರ ಹಾಗೆ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದ. ಅವನ ಕಾಲಲ್ಲಿ ಅಪ್ಪನ ಚಪ್ಪಲಿಗಳಿದ್ದವು. ಅವ್ವ ಕುದಿಯುತ್ತಿದ್ದ ಚಹಾವನ್ನು ಇಳಿಸಿ ಮೋರಿಗೆ ಸುರಿದಳು.

"ಅಕ್ಕಾರ," ಶೋಭಾ ನನ್ನ ಕಿವಿಯಲ್ಲಿ ಹೇಳಿದಳು, "ದಿನಾ ಹಿಂಗ ಐತ್ರಿ. ಚಹಾ ಚೆಲ್ಲತಾರ, ಆಮ್ಯಾಲೆ ರೊಟ್ಟಿ ಮುಟ್ಟೂದಿಲ್ಲ. ಹಸಿವಿಲ್ಲ ಅಂತಾರ. ಅತ್ತಿಯಾರ ಕುಪ್ಪಸ ನೋಡ್ರಿ, ಹೆಂಗ ಜೋತಾಡಾಕತ್ತೈತಿ."

ನೋಡಿದೆ. ಕರ್ಮ ಮುಗಿಸಿ ಹೋದವಳು ಹಿಂದಿನ ರಾತ್ರಿಯಷ್ಟೇ ಮತ್ತೆ ಬಂದಿದ್ದೆ; ಆ ಸಂಜೆ ಆರರ ಬಸ್ಸಿಗೆ ರಾಯಬಾಗಕ್ಕೆ ಹೊರಡಬೇಕಿತ್ತು. ಅಲ್ಲಿ ಹೆಣ್ಣುಮಕ್ಕಳ ವಸತಿಗೃಹವೊಂದರ ಮೇಲ್ವಿಚಾರಕಿ ನಾನು. ಬೆಳಗಿನ ಗಂಟೆಯಿಂದ ದೀಪ ಆರಿಸುವ ಗಂಟೆಯವರೆಗೆ ಅಲ್ಲಿ ಎಲ್ಲದಕ್ಕೂ ಒಂದು ಹೊತ್ತು ಇರುತ್ತಿತ್ತು. ಬಸ್ಸು ಹತ್ತುವುದರೊಳಗೆ ಅವ್ವನ ಬಾಯಿಗೆ ಒಂದು ರೊಟ್ಟಿಯಾದರೂ ಹೋಗಬೇಕು ಎಂದು ಆಗಲೇ ತೀರ್ಮಾನಿಸಿದೆ.

ಈ ಚಪ್ಪಲಿಗಳ ವಿಚಾರವನ್ನು ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮೂರಿಗೆ ನಿಪ್ಪಾಣಿ ಹತ್ತಿರ. ಅಲ್ಲಿ ಬೇಕಾದಷ್ಟು ಚಪ್ಪಲಿ ಸಿಗುತ್ತಿದ್ದವು. ಆದರೆ ಅಪ್ಪ ಚಪ್ಪಲಿಗೆಂದು ಅಥಣಿಗೇ ಹೋಗಬೇಕು. ಅಲ್ಲಿಯವರು ಚಪ್ಪಲಿಯ ಎರಡು ಪದರ ತೊಗಲಿನ ನಡುವೆ ಅದೆಂಥದೋ ಒಣಬೀಜ ಇಟ್ಟು ಹೊಲಿಯುತ್ತಿದ್ದರು. ಕಾಲಿನ ಭಾರ ಬಿದ್ದಾಗಲೆಲ್ಲ ಅದು ಕರ್ರ್ ಎನ್ನಬೇಕು. ಮದುವೆಯಾಗದ ಹುಡುಗರು ಓಣಿಯಲ್ಲಿ ತಿರುಗಲು ಇಂಥವನ್ನು ಹಾಕುವುದುಂಟು. ಅಪ್ಪ ಮಾತ್ರ ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳಾದ ಮೇಲೂ ಬಿಡಲಿಲ್ಲ.

ಒಮ್ಮೆ ಅವನ ಜೊತೆ ನಾನೂ ಅಥಣಿಗೆ ಹೋಗಿದ್ದೆ. ಚಪ್ಪಲಿ ಹಾಕಿಕೊಂಡು ಅಂಗಡಿಯ ಮುಂದೆ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆದ. ಕಣ್ಣು ಮುಚ್ಚಿ ಕೇಳಿಸಿಕೊಂಡ. ಬಿಚ್ಚಿ ಮುಂದಿಟ್ಟ.

"ಬ್ಯಾಡ. ಇದು ಅಳಾಕತ್ತೈತಿ. ನನಗ ನಗೋದು ಬೇಕು."

ಚಪ್ಪಲಿ ಹೊಲಿಯುವವನೂ ಅಪ್ಪನ ಥರದ ಮನುಷ್ಯನೇ ಇರಬೇಕು. ಸ್ವಲ್ಪವೂ ನಗದೆ, "ಹಂಗಾರ ಒಳಗ ಕಚಗುಳಿ ಇಟ್ಟು ಹೊಲಿತೀನ್ರಿ, ಸಂಜಿಮುಂದ ಬರ್ರಿ" ಎಂದ. ನಾವು ಸಂಜೆಯ ತನಕ ಅಥಣಿಯ ಬೀದಿಗಳಲ್ಲಿ ತಿರುಗಿದೆವು. ಹೊಸ ಚಪ್ಪಲಿ ನಕ್ಕವು. ಅಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಮರಳುವಾಗ ಬಸ್ಸಿನಲ್ಲೂ ಅಪ್ಪ ಕಾಲು ಕುಣಿಸುತ್ತ ಕುಳಿತ.

ಕಾಗವಾಡ ದಾಟಿದ ಮೇಲೆ ಚಾಲಕ ಬಸ್ಸು ನಿಧಾನ ಮಾಡಿದ. "ಏನೋ ಅದು, ಕರ್ರ್ ಕರ್ರ್ ಅನ್ನಾಕತ್ತೈತಿ?"

"ಹಿಂದಿನ ಗಾಲಿ ಇರಬೇಕ್ರಿ," ಎಂದ ಕಂಡಕ್ಟರ್.

ಬಸ್ಸು ನಿಂತಿತು. ಇಬ್ಬರೂ ಇಳಿದು ಗಾಲಿಗೆ ಕಿವಿ ಕೊಟ್ಟರು. ಊರಿನ ಹಿರಿಯನೆಂಬ ಗಾಂಭೀರ್ಯದಲ್ಲಿ ಅಪ್ಪನೂ ಇಳಿದ. ಅವನು ಇಳಿದ ಕೂಡಲೇ ಸಪ್ಪಳವೂ ಇಳಿಯಿತು.

"ಈಗ ಹೊರಗ ಬಂತ್ರಿ!" ಕಂಡಕ್ಟರ್ ಹೌಹಾರಿದ.

"ಗಾಡಿ ನಿಂತೈತಲೇ, ನಿಂತ ಗಾಡ್ಯಾಗ ಹೆಂಗ ಬರತೈತಿ?"

"ಮುಂದಿನ ಕಡೆ ಹೊಂಟೈತಿ ನೋಡ್ರಿ," ಎಂದು ಅಪ್ಪ ದಾರಿ ತೋರಿಸುತ್ತ ಮುಂದೆ ನಡೆದ. ಕಂಡಕ್ಟರ್ ಬಗ್ಗಿಕೊಂಡು ಅವನ ಹಿಂದೆ, ಕಂಡಕ್ಟರನ ಹಿಂದೆ ಚಾಲಕ. ಮೂವರೂ ಬಸ್ಸಿಗೆ ಪ್ರದಕ್ಷಿಣೆ ಹಾಕಿದರು. ಇನ್ನೊಂದು ಸುತ್ತಿಗೆ ಹೊರಟಾಗ ಕಿಟಕಿಯಿಂದ ಒಬ್ಬ ಮುದುಕಿ ಕೂಗಿದಳು: "ಯಪ್ಪಗೋಳ್ರಾ, ಆ ಮುದುಕನ್ನ ಒಂದೀಟ ಹಿಡದು ನಿಂದರಸ್ರೋ, ಬಸ್ಸು ತಾನ ಸುಮ್ಮನಾಗತೈತಿ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಕಿಟಕಿಯ ಹೊರಗಿನ ಕಬ್ಬನ್ನು ಬಹಳ ಆಸಕ್ತಿಯಿಂದ ನೋಡಿದೆ. ಚಾಲಕ ಬೈಯುತ್ತಾನೆಂದುಕೊಂಡರೆ ಅವನು ಅಪ್ಪನ ಕಾಲು ನೋಡಿ, "ಅಥಣ್ಯಾಗ ಯಾರ ಕಡೆ ಹೊಲಸಿದ್ರಿ ಅಜ್ಜಾರ?" ಎಂದು ವಿಳಾಸ ಕೇಳಿಕೊಂಡ.

ನಾನು ರಾಯಬಾಗದ ವಸತಿಗೃಹಕ್ಕೆ ಬಂದ ಹೊಸದರಲ್ಲಿ ಅಪ್ಪ ಹಸಿ ಶೇಂಗಾ, ಹೊಸ ಬೆಲ್ಲ ಹೊತ್ತುಕೊಂಡು ನನ್ನನ್ನು ನೋಡಲು ಬರುತ್ತಿದ್ದ. ಅವನಿಗೆ ಸಿಗುತ್ತಿದ್ದದ್ದು ಸರಿಯಾಗಿ ಓದಿನ ಹೊತ್ತಿಗೆ ಬಂದು ನಿಲ್ಲುವ ಬಸ್ಸು. ಓದಿನ ಹೊತ್ತೆಂದರೆ ನನ್ನಲ್ಲಿ ಹಾಳೆ ಮಗುಚುವ ಸದ್ದೂ ಮೆಲ್ಲಗಿರಬೇಕು. ಗೇಟಿನಿಂದ ಕರ್ರ್ ಕರ್ರ್ ಶುರುವಾದರೆ ಮೊದಲ ಸಾಲಿನ ಹುಡುಗಿ ತುಟಿ ಕಚ್ಚುವಳು, ಕೊನೆಯ ಸಾಲಿನವಳು ಪುಸ್ತಕದೊಳಗೆ ಮುಖ ಹುದುಗಿಸುವಳು. ಅಪ್ಪ ಜಗಲಿ ಮುಟ್ಟುವುದರೊಳಗೆ ಇಡೀ ಕೋಣೆ ಖೊಳ್ಳೆಂದು ನಗುತ್ತಿತ್ತು.

"ಅಪ್ಪಾ, ಇಲ್ಲಿ ಶಾಂತ ಇರಬೇಕಾಗತೈತಿ. ಇನ್ನಮ್ಯಾಲೆ ಚಪ್ಪಲಿ ಗೇಟಿನ್ಯಾಗ ಬಿಟ್ಟು ಬಾ," ಎಂದೆ.

ಮುಂದಿನ ಸಲ ವಿಧೇಯನಾಗಿ ಗೇಟಿನಲ್ಲಿ ಬಿಟ್ಟ. ಬರಿಗಾಲಲ್ಲಿ, ಬೆಕ್ಕಿನಂತೆ ಹೆಜ್ಜೆ ಎತ್ತಿಡುತ್ತ ಅಂಗಳದಲ್ಲಿ ಬಂದ. ಒಂದೊಂದು ಹೆಜ್ಜೆಗೂ ಬಾಯಿಂದ "ಕರ್ರ್" ಎನ್ನುತ್ತಿದ್ದ. ನಾನು ಹೊರಗೆ ಬಂದು ಕಣ್ಣು ಬಿಟ್ಟರೆ, "ನಾ ಏನ್ ಮಾಡ್ಲೆವ್ವಾ? ಚಪ್ಪಲಿ ಬಿಟ್ಟು ಬಂದೆ, ಸಪ್ಪಳ ನನ್ನ ಬೆನ್ನ ಹತ್ತಿ ಬಂದೈತಿ," ಎಂದ. ಅಂದಿನಿಂದ ಹುಡುಗಿಯರು ಅವನನ್ನು ಕಾಯತೊಡಗಿದರು. ನನ್ನ ಹೆಸರು ಹೇಳಿದರೆ ಹೆದರುತ್ತಿದ್ದ ಮಕ್ಕಳು ನನ್ನ ಅಪ್ಪನನ್ನು "ಕರ್ರ್ ಅಜ್ಜಾ" ಎಂದು ಕರೆಯುತ್ತಿದ್ದರು. ಶಿಸ್ತು ಎಂಬುದು ಕಟ್ಟಲು ವರ್ಷಗಳೇ ಬೇಕು, ಕೆಡವಲು ಒಂದು ಜೊತೆ ಅಥಣಿ ಚಪ್ಪಲಿ ಸಾಕು.

ಮೊಮ್ಮಗಳು ಚಿಮಿ ಹುಟ್ಟಿ ನಡೆದಾಡತೊಡಗಿದ ಮೇಲಂತೂ ಅಪ್ಪನಿಗೆ ವಯಸ್ಸು ಇಳಿಯತೊಡಗಿತು. ಇಬ್ಬರೂ ಕಣ್ಣಾಮುಚ್ಚಾಲೆ ಆಡುವರು. ಸಪ್ಪಳ ಮಾಡುವ ಚಪ್ಪಲಿ ಹಾಕಿಕೊಂಡು ಅಡಗುವವನನ್ನು ಹುಡುಕಲು ಎಷ್ಟು ಹೊತ್ತು ಬೇಕು? ಅಪ್ಪ ಉಪಾಯ ಹೂಡಿದ. ಚಪ್ಪಲಿ ಬಿಚ್ಚಿ ಎರಡೂ ಕೈಗೆ ಹಾಕಿಕೊಂಡು, ಕಬ್ಬಿನ ಸಾಲುಗಳ ನಡುವೆ ಅಂಬೆಗಾಲಿಕ್ಕುತ್ತ ಹೋದ. ಸಪ್ಪಳ ಒಂದು ಕಡೆ, ದೇಹದ ಮುಕ್ಕಾಲು ಭಾಗ ಇನ್ನೊಂದು ಕಡೆ. ಹುಡುಗಿಗೆ ದಿಕ್ಕು ತಪ್ಪಲಿ ಎಂದು. ಅದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಯಿಂದ ಕಬ್ಬು ನೋಡಿಕೊಂಡು ಹೋಗಲು ಬಂದ ಮನುಷ್ಯ ಸಾಲಿನೊಳಗೆ ಇಣುಕಿದ. ಎದುರಿಗೆ ಹೊಲದ ಮಾಲೀಕ ನಾಲ್ಕು ಕಾಲಲ್ಲಿ ನಿಂತಿದ್ದ.

"ಏನ್ರೀ ಇದು, ಏನರ ಕಳಕೊಂಡೀರೇನು?"

"ಮೆಲ್ಲಕ ಮಾತಾಡ್ರಿ," ಎಂದ ಅಪ್ಪ. "ನನ್ನ ಹುಡುಕಾಕತ್ತಾಳ. ಕೇಳಿದ್ರ ನೋಡಿಲ್ಲ ಅನ್ರಿ. ನಿಂತ್ರ ಕಾಣಸ್ತೀರಿ, ಕುಂದರ್ರಿ."

ಆ ಮನುಷ್ಯ ಕಾಗದಪತ್ರಗಳ ಚೀಲ ಎದೆಗವಚಿಕೊಂಡು ಕುಳಿತೇಬಿಟ್ಟ. ಚಿಮಿ ಬಂದು ಮೊದಲು ಹಿಡಿದದ್ದು ಅವನನ್ನೇ. "ನೀ ಔಟು!" ಎಂದಳು. ಆಟದ ನಿಯಮದ ಪ್ರಕಾರ ಮುಂದಿನ ಸರದಿ ಅವನದು. ಆ ಮಧ್ಯಾಹ್ನ ಕಾರ್ಖಾನೆಯ ಮನುಷ್ಯ ಬೇವಿನ ಮರಕ್ಕೆ ಮುಖವೊತ್ತಿ ಅಂಕಿ ಎಣಿಸುತ್ತ ನಿಂತದ್ದನ್ನು ನಮ್ಮೂರಿನ ಅನೇಕರು ಕಣ್ಣಾರೆ ನೋಡಿದ್ದಾರೆ.

ಅಪ್ಪನಿಗೆ ಇಲ್ಲದ ಒಂದೇ ಗುಣ ಹೊತ್ತಿಗೆ ಸರಿಯಾಗಿ ಬರುವುದು. ಆದರೆ ಅವ್ವ ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದಳು. ಸಪ್ಪಳ ಗುಡಿಯ ಮೂಲೆಯಲ್ಲಿ ಕೇಳಿಸಿದರೆ ಚಹಾ ಒಲೆಗೆ. ಅಪ್ಪ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಚಹಾ ಉಕ್ಕಿ ಬರುವುದಕ್ಕೂ ಸರಿಹೋಗುತ್ತಿತ್ತು. ಅವನು ಬಸಿಯಲ್ಲಿ ಸುರಿದುಕೊಂಡು ಕುಡಿದ ಮೇಲೆಯೇ ಅವಳು ತಾಟಿಗೆ ರೊಟ್ಟಿ ಹಾಕಿಕೊಳ್ಳುವುದು. ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇತ್ತು. ಅದಕ್ಕೆ ಕೀಲಿ ಕೊಡುತ್ತಿದ್ದದ್ದು ನಾನೊಬ್ಬಳೇ.

ಈಗಿನವರ ಬೂಟುಗಳಿಗೆ ಸದ್ದೇ ಇಲ್ಲ. ಬಂದವರು ಎದುರಿಗೆ ನಿಂತು ಕೆಮ್ಮಿದ ಮೇಲೆಯೇ ಬಂದರೆಂದು ತಿಳಿಯುವುದು. ಇದು ವಿಷಯಾಂತರ, ಇರಲಿ.

ಅಪ್ಪ ಹೋದದ್ದು ಸಂಕ್ರಾಂತಿಯ ಆಮೇಲಿನ ಚಳಿಯಲ್ಲಿ, ಹಗಲು ಊಟ ಮಾಡಿ ಒರಗಿದವನು ಏಳಲಿಲ್ಲ. ನಮ್ಮ ಕಡೆ ಹೋದವರ ಹೆಸರಿನಲ್ಲಿ ಕೊಡೆ, ಕೋಲು, ಚಪ್ಪಲಿಗಳನ್ನು ಒಬ್ಬರಿಗೆ ಕೊಡುತ್ತೇವೆ. ವರ್ಷದ ತನಕ ಅವರು ಪರಲೋಕದ ದಾರಿಯಲ್ಲೇ ಇರುತ್ತಾರಂತೆ; ಬಿಸಿಲು, ಮುಳ್ಳು, ಕಾದ ಉಸುಕಿನ ದಾರಿ. ಇಲ್ಲಿ ಪಡೆದವನು ಹಾಕಿಕೊಂಡು ನಡೆದರೆ ಅಲ್ಲಿ ಅವರ ಕಾಲಿಗೆ ರಕ್ಷೆ. ಅಪ್ಪ ಸಾಯುವ ಸ್ವಲ್ಪ ಮೊದಲು ಅಥಣಿಯಲ್ಲಿ ಹೊಸ ಜೊತೆ ಹೊಲಿಸಿಕೊಂಡು ಬಂದಿದ್ದ. ಅದನ್ನೇ ಕೊಡುವುದೆಂದಾಯಿತು. ಯಾರಿಗೆ ಎಂಬ ಪ್ರಶ್ನೆಯನ್ನು ನಾನು ಕ್ರಮಬದ್ಧವಾಗಿ ಬಿಡಿಸಿದೆ. ದಾರ ಹಿಡಿದು ಅಪ್ಪನ ಚಪ್ಪಲಿಯ ಉದ್ದ ಅಗಲ ತೆಗೆದೆ. ಅಪ್ಪನ ಓರಗೆಯವರ ಪಾದಗಳನ್ನು ಅಳೆದೆ. ದಾದೂ ಕಾಕಾನ ಪಾದ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂಡಿಬಂತು. ಎಲ್ಲರೂ ನನ್ನ ವ್ಯವಸ್ಥೆಯನ್ನು ಹೊಗಳಿದರು. ಪಾದದ ಅಳತೆ ತೆಗೆದ ನನಗೆ ಸಪ್ಪಳವೂ ಜೊತೆಗೆ ಹೋಗುತ್ತದೆ ಎಂದು ಹೊಳೆಯಲಿಲ್ಲ.

ದಾದೂ ಕಾಕಾ ಊರಿನಲ್ಲೇ ಅತಿ ಮೆತ್ತಗಿನ ಮನುಷ್ಯ. ಮನೆಯೊಳಗೆ ಬಂದು ಕುಳಿತು ಅರ್ಧ ಗಂಟೆಯಾದ ಮೇಲೆ, "ಅಯ್ಯ, ನೀವು ಯಾವಾಗ ಬಂದ್ರಿ?" ಎಂದು ಕೇಳಿಸಿಕೊಳ್ಳುವವನು. ಹಗಲೆಲ್ಲ ಕಟ್ಟೆಯ ಮೇಲೆ ಕುಳಿತಿರುವುದು ಅವನ ಅಭ್ಯಾಸ. ಚಪ್ಪಲಿ ಸಿಕ್ಕಿದ ಮಾರನೆಯ ದಿನದಿಂದ ಅವನು ಕೂರುವುದನ್ನೇ ಬಿಟ್ಟ. ತಾನು ನಡೆದಷ್ಟು ಅಣ್ಣನ (ಅಪ್ಪನನ್ನು ಊರವರೆಲ್ಲ ಕರೆಯುತ್ತಿದ್ದದ್ದು ಹಾಗೆಯೇ) ದಾರಿ ಸವೆಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು; ಅಥವಾ ತಾನೇ ಸೇರಿಸಿಕೊಂಡಿದ್ದ. ಬೆಳಗಿನಿಂದ ಸಂಜೆಯವರೆಗೆ ಹೊಲಕ್ಕೆ, ಗುಡಿಗೆ, ಬಸ್‌ಸ್ಟ್ಯಾಂಡಿಗೆ, ಕೆಲಸವಿದ್ದಲ್ಲಿಗೆ, ಇಲ್ಲದಲ್ಲಿಗೆ ನಡೆದೇ ನಡೆದ. ಕಟ್ಟೆಯ ಮೇಲಿನವರು ಕೇಳುವರು: "ದಾದೂ, ಅಣ್ಣಾ ಇವತ್ತ ಎಲ್ಲಿಗೆ ಮುಟ್ಟಿರಬೇಕು?" ಅವನು ಸೂರ್ಯನನ್ನು ನೋಡಿ, ಮನಸ್ಸಿನಲ್ಲಿ ಗುಣಿಸಿ, "ಮುಳ್ಳಿನ ಪಟ್ಟಿ ದಾಟ್ಯಾನ. ನಾಳೆ ಉಸುಕು ಹತ್ತತೈತಿ," ಎನ್ನುವನು. ಅವನ ಎಲ್ಲ ದಾರಿಗಳೂ ನಮ್ಮ ಬಾಗಿಲ ಮುಂದಿನಿಂದಲೇ ಹಾಯುತ್ತಿದ್ದವು.

ಎಂಟೂವರೆಗೆ ನಾನು ಅಂಗಳದಲ್ಲಿ ಸಭೆ ಸೇರಿಸಿದೆ. ಅವ್ವನನ್ನು ಕರೆಯಲಿಲ್ಲ. ಬಾಳು, ಶೋಭಾ, ಚಿಮಿ, ನಾನು. ಓಣಿಯಿಂದ ಕರೆತಂದ ದಾದೂ ಕಾಕಾ ತುಳಸಿಕಟ್ಟೆಯ ಪಕ್ಕ ಕೈಕಟ್ಟಿ ನಿಂತಿದ್ದ.

"ಕಾಕಾ, ನೀವು ಅದನ್ನ ಹಾಕ್ಕೊಳ್ಳೂದು ಬಿಟ್ರ ನಡಿಯೂದಿಲ್ಲನು?" ಎಂದೆ.

ಅವನ ಮುಖ ಸಣ್ಣದಾಯಿತು. "ನಂದೇನೈತವ್ವಾ, ನಾ ಬಿಟ್ಟೇನು. ಅಣ್ಣಾ ಅಲ್ಲಿ ಬರಿಗಾಲಾಗತಾನ." ಅಷ್ಟು ಹೇಳಿ ಮರಾಠಿಗೆ ಇಳಿದ, ಪೇಚಿಗೆ ಸಿಕ್ಕಾಗಲೆಲ್ಲ ಅವನು ಇಳಿಯುವುದು ಅಲ್ಲಿಗೇ. "ಆತಾ ಕಾಯ್ ಕರಾಯ್ಚ?" ಈಗೇನು ಮಾಡುವುದು ಎಂದು ನನ್ನನ್ನೇ ಕೇಳಿದ.

"ತಿರುಗಿ ತಗೊಂಡು ಬ್ಯಾರೆ ಕೊಟ್ರ?" ಎಂದಳು ಶೋಭಾ.

"ಕೊಟ್ಟ ದಾನ ತಿರುಗಿ ತರ್ತಾರನು? ಹುಚ್ಚಿ!" ಬಾಳು ರೇಗಿದ. ಅವನ ಸಿಟ್ಟಿಗೆ ಧರ್ಮಕ್ಕಿಂತ ಎಮ್ಮೆಯೇ ಹೆಚ್ಚು ಕಾರಣ. ಅಪ್ಪನ ಸಪ್ಪಳಕ್ಕೆ ಹಾಲಿಳಿಸಿ ರೂಢಿಯಾದ ಎಮ್ಮೆ ಅವನು ಹೋದ ಮೇಲೆ ಕಾಲು ಝಾಡಿಸುತ್ತಿತ್ತು. ದಾದೂ ಕಾಕಾ ಹಾದುಹೋದಾಗ ಮಾತ್ರ ಧಾರಾಳವಾಗುತ್ತಿತ್ತು. ಕಾಕಾ ಹೊತ್ತುಗೊತ್ತಿಲ್ಲದೆ ಹಾಯುತ್ತಿದ್ದದ್ದರಿಂದ ಬಾಳು ಹೊತ್ತುಗೊತ್ತಿಲ್ಲದೆ ಬಕೀಟಿನ ಜೊತೆ ಓಡಬೇಕಾಗಿತ್ತು.

ಮೊದಲ ಪ್ರಯೋಗ, ಎಣ್ಣೆ. ಚಪ್ಪಲಿಗಳಿಗೆ ಔಡಲೆಣ್ಣೆ ಕುಡಿಸಿ ಬಿಸಿಲಿಗಿಟ್ಟೆವು. ಅಷ್ಟು ಹೊತ್ತು ದಾದೂ ಕಾಕಾ, "ಅಣ್ಣಾ ನೆಳ್ಳಾಗ ಕುಂತಿರಲಿ," ಎಂದು ಹೇಳಿ ತಾನೂ ನೆರಳಿನಲ್ಲಿ ಕುಳಿತ. ಆಮೇಲೆ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಕರ್ರ್ ಎಂಬುದು ಹೋಗಿ ಕುಂಯ್ ಎಂಬುದು ಬಂದಿತ್ತು. ನಾಯಿ ಎದ್ದು ನಿಂತು, ಒಂದು ಕಿವಿ ಎತ್ತಿ, ಅಪ್ಪನಿಗೆ ಹುಷಾರಿಲ್ಲವೇನೋ ಎಂಬಂತೆ ಅವನ ಹಿಂದೆಯೇ ಹೋಯಿತು. ಒಳಗಿಂದ ಅವ್ವನ ದನಿ: "ಶೋಭಾ, ಒಂದೀಟ ಶುಂಠಿ ಜಜ್ಜು." ಚಹಾಕ್ಕೆ ಶುಂಠಿ ಬೀಳುತ್ತಿದ್ದದ್ದು ಅಪ್ಪನಿಗೆ ನೆಗಡಿಯಾದಾಗ ಮಾತ್ರ. ಹತ್ತು ಗಂಟೆಗೆ ಶುಂಠಿಯ ಚಹಾ ಮೋರಿಗೆ ಹೋಯಿತು. ಬಿಸಿಲಿಗೆ ಎಣ್ಣೆ ಆರಿ ಕರ್ರ್ ಮರಳಿ ಬಂತು.

ಎರಡನೆಯದು, ತುದಿಗಾಲು. ಇದು ನನ್ನದೇ ಸೂಚನೆ. ನಮ್ಮ ಮನೆ ಬಂದಾಗ ಕಾಕಾ ಹಿಮ್ಮಡಿ ಊರದೆ ದಾಟಬೇಕು. ದಾಟಿದ. ಆದರೆ ಅಪ್ಪನೂ ತುದಿಗಾಲಲ್ಲಿ ನಡೆಯುತ್ತಿದ್ದ ದಿನಗಳಿದ್ದವು. ಕುಸ್ತಿ ನೋಡಲು ಹೇಳದೆ ಹೋಗಿ ತಡವಾಗಿ ಬಂದಾಗ. ಆ ಸಣ್ಣ ಕಿರ್ರ್ ಕೇಳಿದ್ದೇ ತಡ, ಅವ್ವ ಒಳಗಿನಿಂದಲೇ, "ಗೊತ್ತಾಗೈತಿ ಬರ್ರಿ, ಕಳ್ಳನಂಗ ಯಾಕ ಬರ್ತೀರಿ?" ಎಂದಳು. ಎಂದವಳು, ಗಕ್ಕನೆ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

ಆಗ ನಮ್ಮಲ್ಲಿ ಯಾರೂ ನಗಲಿಲ್ಲ.

ಮೂರನೆಯದು, ತಲೆ. ಚಪ್ಪಲಿ ಬಿಚ್ಚಿ ತಲೆಯ ಮೇಲಿಟ್ಟುಕೊಂಡು ನಮ್ಮ ಮನೆ ದಾಟುವುದು, ಆಚೆ ಹೋಗಿ ಮತ್ತೆ ಹಾಕಿಕೊಳ್ಳುವುದು. ಬಾಳು ಎಮ್ಮೆಯ ಪರವಾಗಿ ವಿರೋಧಿಸಿದ. ಅವನಿಗಿಂತ ಗಟ್ಟಿಯಾಗಿ ಚಿಮಿ ವಿರೋಧಿಸಿದಳು.

"ಅತ್ತಿ, ಕಾಕಾ ತಲಿಮ್ಯಾಲೆ ಇಟ್ಕೊಂಡ್ರ ಅಷ್ಟೊತ್ತು ಅಜ್ಜಗ ಕಾಲಾಗ ಏನೂ ಇರೂದಿಲ್ಲ. ಮುಳ್ಳ ಚುಚ್ಚತೈತಿ."

"ಮುಳ್ಳು ದಾಟ್ಯಾನವ್ವಾ ಅಂವ," ಎಂದ ಕಾಕಾ. "ಈಗ ಉಸುಕು."

"ಉಸುಕು ಸುಡತೈತಿ!"

ಕಡೆಗೆ ದಾದೂ ಕಾಕಾ ಓಡುತ್ತ ದಾಟಬೇಕು, ಆಗ ಅಜ್ಜನೂ ಸುಡುವ ಉಸುಕಿನಲ್ಲಿ ಓಡಿದ ಹಾಗಾಗಿ ಕಾಲು ಹೆಚ್ಚು ಸುಡುವುದಿಲ್ಲ ಎಂದು ಸಭೆ ಒಪ್ಪಿತು. ಎಪ್ಪತ್ತು ದಾಟಿದ ಮನುಷ್ಯ ತಲೆಯ ಮೇಲೆ ಚಪ್ಪಲಿ ಹಿಡಿದುಕೊಂಡು ಹಾಡುಹಗಲು ಬೀದಿಯಲ್ಲಿ ಓಡಿದ. ಊರಿನ ನಾಯಿಗಳಿಗೆ ಇಷ್ಟು ಸಾಕಾಯಿತು. ಅವು ಬೊಗಳಿದ್ದಕ್ಕೆ ಅಕ್ಕಪಕ್ಕದವರು ಹೊರಗೆ ಬಂದರು. "ಏನಾತು ದಾದೂ, ಯಾರ ಬೆನ್ನ ಹತ್ಯಾರ?" ಎಂದರೆ ಅವನು ಏದುಸಿರು ಬಿಡುತ್ತ, "ನನಗಲ್ಲ, ಅಣ್ಣಾಗ ಸುಡಾಕತ್ತೈತಿ," ಎನ್ನುವನು. ಗದ್ದಲ ಕೇಳಿ ಅವ್ವ ಬಾಗಿಲಿಗೆ ಬಂದಳು. ತಲೆಯ ಮೇಲಿನ ಚಪ್ಪಲಿಗಳನ್ನು ನೋಡಿದಳು. ಒಳಗೆ ಹೋದಳು.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅವ್ವನ ತಾಟಿನಲ್ಲಿ ರೊಟ್ಟಿ ಹಾಕಿದ ಹಾಗೆಯೇ ಇತ್ತು. ಹಾಕಿದ್ದು ಮುಗಿಯುವ ತನಕ ಊಟದ ಸಾಲಿನಿಂದ ಹುಡುಗಿಯರನ್ನು ಏಳಗೊಡದ ನಾನು, ನನ್ನ ಅವ್ವನ ಮುಂದೆ ಆ ಮಾತು ಎತ್ತಲಾರದೆ ಹೋದೆ. "ಹಸಿವಿಲ್ಲ ಬಿಡವ್ವಾ," ಎಂದಳು. ಹೆಸರುಕಾಳಿನ ಪಲ್ಯ ತಾಟಿನಲ್ಲೇ ಆರಿ ಗಟ್ಟಿಯಾಯಿತು.

ಐದು ಗಂಟೆಯ ಸುಮಾರಿಗೆ ಕೊನೆಯ ಪ್ರಯೋಗ. ದಾದೂ ಕಾಕಾ ಇನ್ನು ಮುಂದೆ ನಮ್ಮ ಬೀದಿಗೇ ಬರಬಾರದು. ಹಿಂದಿನ ಓಣಿಯಿಂದ, ದನದ ಕೊಟ್ಟಿಗೆಗಳ ಆಚೆಯಿಂದ ತಿರುಗಾಡಬೇಕು. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಎಮ್ಮೆಗೆ ಇನ್ನೂ ಹತ್ತಿರವಾಗುತ್ತದೆಂದು ಬಾಳು ಸಂತೋಷಪಟ್ಟ. ನಾನು ಗೆದ್ದೆನೆಂದುಕೊಂಡು ಚೀಲಕ್ಕೆ ಬಟ್ಟೆ ತುಂಬತೊಡಗಿದೆ.

ಹಿಂದಿನ ಓಣಿಯಿಂದ ಕರ್ರ್ ಕರ್ರ್ ಕೇಳಿಸಿತು. ದೂರದಿಂದ, ಕೊಟ್ಟಿಗೆಯ ಗೋಡೆಯ ಆಚೆಯಿಂದ. ಅವ್ವ ಎದ್ದಳು. ಈ ಸಲ ಒಲೆಯ ಕಡೆ ಹೋಗಲಿಲ್ಲ. ಹಿತ್ತಲಿಗೆ ನಡೆದು, ಮಳೆಗಾಲದಿಂದ ಮುಚ್ಚೇ ಇದ್ದ, ಓಣಿಯ ಕಡೆಯ ಹಿಂಬಾಗಿಲ ಅಗಳಿ ಸರಿಸಿ, ಬಾಗಿಲು ತೆರೆದು ನಿಂತಳು. ಸಪ್ಪಳ ಅಲ್ಲಿಯೂ ನಿಲ್ಲದೆ ಮುಂದೆ ಹೋಯಿತು.

ನಾನು ಅವಳ ಹಿಂದೆ ಹೋಗಿ ನಿಂತೆ. ಅವಳು ತಿರುಗಿ ನನ್ನನ್ನು ನೋಡಿದಳು.

"ನಿಮ್ಮ ಕವಾಯತು ಮುಗೀತನು?"

ಚೀಲಕ್ಕೆ ತುಂಬಬೇಕಿದ್ದ ಸೀರೆಯನ್ನು ನಾನು ಬೆನ್ನ ಹಿಂದೆ ಸರಿಸಿದೆ.

"ಮುಂಜಾನಿಂದ ನೋಡಾಕತ್ತೇನಿ. ಎಣ್ಣಿ ಹಚ್ಚತೀರಿ, ಓಡಸ್ತೀರಿ, ತಲಿಮ್ಯಾಲೆ ಹೊರಸ್ತೀರಿ. ಆ ಮುದುಕಗ ಏನರ ಆದ್ರ ಯಾರು ನೋಡವರು?"

"ನಿನಗ ಆ ಸಪ್ಪಳ ಕೇಳಬಾರದಂತ ಮಾಡೇವಿ ಅವ್ವಾ. ಕೇಳಿದ್ರ ನಿನಗ ತ್ರಾಸಾಗತೈತಿ..."

"ಯಾರಂದ್ರು ತ್ರಾಸಾಗತೈತಿ ಅಂತ?" ಅವ್ವನ ದನಿ ಏರಿತು. "ಲಗ್ನಾದಾಗಿಂದ ಕೇಳೇನಿ. ಬರ್ಲಿ ಸಪ್ಪಳ. ಬಾಗಲ ತನಕ ಬಂದು, ನಿಂದರಲಾರದ ಹಂಗ ಮುಂದ ಹೋಗತೈತಲ್ಲ, ಅದು ತಡಕೊಳ್ಳಾಕ ಆಗವಲ್ದು. ಕುಸ್ತಿಗೆ ಹೋಗ್ಲಿ, ಸಂತಿಗೆ ಹೋಗ್ಲಿ, ಒಂದ ದಿನಾರ ನಮ್ಮ ಬಾಗಲ ದಾಟಿ ಹೋಗಿತ್ತನು ಅದು?"

ಬಾಳು ಬಕೀಟು ಕೆಳಗಿಟ್ಟ. ಅದರಲ್ಲಿ ಹಾಲು ಎಷ್ಟಿತ್ತೋ, ಯಾರೂ ನೋಡಲಿಲ್ಲ.

ಅವ್ವ ಸೆರಗು ಸರಿಪಡಿಸಿಕೊಂಡು ನಡುಮನೆ ದಾಟಿ ಮುಂಬಾಗಿಲಿಗೆ ಬಂದಳು. ಹಿಂದಿನ ಓಣಿ ಸುತ್ತಿ ಬೀದಿಗೆ ತಿರುಗಿದ ದಾದೂ ಕಾಕಾ ಅವಳನ್ನು ಕಂಡು, ಎತ್ತಿದ ಕಾಲನ್ನು ಇಳಿಸದೆ ಒಂಟಿಕಾಲಲ್ಲಿ ನಿಂತ.

"ದಾದೂ, ಬಾ ಒಳಗ."

"ಬ್ಯಾಡ ವೈನಿ. ಒಳಗ ಬಂದ್ರ ಚಪ್ಪಲಿ ಬಿಡಬೇಕಾಗತೈತಿ. ಅಷ್ಟೊತ್ತು ಅಣ್ಣಾ ದಾರ್ಯಾಗ ನಿಂದರಬೇಕಾಗತೈತಿ."

"ನಿಂದರ್ಲಿ," ಎಂದಳು ಅವ್ವ. "ಜಲ್ಮದಾಗ ನೆಟ್ಟಗ ಒಂದ ದಾರಿ ನಡದಾನನು ಅಂವ? ಅಲ್ಲೂ ಯಾರರ ಕರದಿರತಾರ, ಚಹಾ ಕೊಟ್ಟಿರತಾರ, ಕುಂತು ನಗಸಾಕತ್ತಿರತಾನ. ನೀ ಒಬ್ಬಂವ ಇಲ್ಲಿ ಓಡ್ಯಾಡಿದ್ರ ಅಂವ ಲಗೂ ಮುಟ್ಟತಾನನು? ಬಾ."

ಪೂರ್ವಪಕ್ಷಕ್ಕೆ ಉತ್ತರ ಸಿಕ್ಕಿದ ಪಂಡಿತನಂತೆ ದಾದೂ ಕಾಕಾನ ಮುಖ ತಿಳಿಯಾಯಿತು. "ಅದೂ ಬರೋಬರಿ ಐತಿ," ಎಂದ. ಕಾಲು ಇಳಿಸಿದ. ಕರ್ರ್, ಕರ್ರ್ ಎನ್ನುತ್ತ ನೇರವಾಗಿ ನಮ್ಮ ಬಾಗಿಲಿಗೆ ಬಂದ. ಹೊಸ್ತಿಲಲ್ಲಿ ಸಪ್ಪಳ ನಿಂತಿತು.

ಅವ್ವ ಒಲೆಯ ಮುಂದೆ ಕುಳಿತು ಚಹಾ ಇಟ್ಟಳು. ಉಕ್ಕಿ ಬಂದದ್ದನ್ನು ಸೋಸಿ, ಕಪ್ಪುಬಸಿಯಲ್ಲಿ ಅವನ ಮುಂದಿಟ್ಟಳು. ಅವನು ಬಸಿಗೆ ಸುರಿದುಕೊಂಡು, ಊದಿ, ಸುರ್ರೆಂದು ಕುಡಿದ. ಹುಟ್ಟಿದಾಗಿನಿಂದ ಸದ್ದು ಮಾಡದ ಮನುಷ್ಯ ಅಷ್ಟು ಜೋರಾಗಿ ಚಹಾ ಕುಡಿಯಬಲ್ಲ ಎಂದು ನಮಗೆ ಅಂದೇ ತಿಳಿದದ್ದು. ಅವನು ಬಸಿ ಕೆಳಗಿಟ್ಟ ಮೇಲೆ ಅವ್ವ ಬುಟ್ಟಿಗೆ ಕೈಹಾಕಿ ಒಂದು ರೊಟ್ಟಿ ತೆಗೆದುಕೊಂಡಳು. ಮುರಿದು, ಶೇಂಗಾ ಚಟ್ನಿಗೆ ಒತ್ತಿ, ತಿಂದಳು. ಶೋಭಾ ಕೆಲಸ ಬಿಟ್ಟು ನೋಡುತ್ತಿದ್ದಳು. ಅವ್ವ ಎರಡನೆಯ ರೊಟ್ಟಿಗೆ ಕೈ ಚಾಚಿ, "ಏನ್ ನೋಡ್ತಿ? ಮೊಸರ ಹಾಕು," ಎಂದಳು.

ದಾದೂ ಕಾಕಾ ಮೆಲ್ಲಗೆ ಕೇಳಿದ: "ವೈನಿ, ಇನ್ನಮ್ಯಾಲೆ ಹಾಯೂಮುಂದ ಪ್ರತಿಸಲ ಒಳಗ ಬರಬೇಕನು?"

"ಹಾದಷ್ಟು ಸಲ."

ಅವನು ಬೆರಳು ಮಡಚತೊಡಗಿದ. ಹೊಲಕ್ಕೆ, ಗುಡಿಗೆ, ಬಸ್‌ಸ್ಟ್ಯಾಂಡಿಗೆ, ಮತ್ತೆ ಗುಡಿಗೆ. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ಹೊಟ್ಟೆ ಸವರಿಕೊಂಡು, "ಆತಾ ಕಾಯ್ ಕರಾಯ್ಚ..." ಎಂದ.

"ಕಾಕಾ, ನಸುಕಿನ್ಯಾಗ ಒಮ್ಮೆ, ಸಂಜಿಗೆ ಒಮ್ಮೆ ತಪ್ಪಸಬ್ಯಾಡ್ರಿ," ಎಂದ ಬಾಳು. ಎಮ್ಮೆಯ ಹಾಲು ಕರೆಯುವ ಹೊತ್ತುಗಳು ಅವು.

ಚಿಮಿ ಅಜ್ಜಿಯ ತಾಟಿನಿಂದ ತುಣುಕು ಕಿತ್ತು ಬಾಯಿಗೆ ಹಾಕಿಕೊಂಡು, "ಆಯೀ, ಅಲ್ಲಿ ಅಜ್ಜಗ ಚಹಾ ಯಾರು ಮಾಡಿ ಕೊಡ್ತಾರ?" ಎಂದು ಕೇಳಿದಳು.

"ಕೇಳ್ಕೊಂಡು ಕುಡಿತಾನ ಬಿಡು. ಕೇಳಾಕ ನಾಚಿಕಿ ಇತ್ತನು ಅವಂಗ?" ಎಂದಳು ಅವ್ವ. ಮೂರು ವಾರದಲ್ಲಿ ಮೊದಲ ಸಲ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಸರು ಕಲಸಿದಳು.

ದೂರದಲ್ಲಿ ಆರರ ಬಸ್ಸು ಹಾರ್ನ್ ಹೊಡೆದು ಹೊರಟದ್ದು ಕೇಳಿಸಿತು. ಬೆಳಗಿನ ಮೊದಲ ಬಸ್ಸು ಹಿಡಿದು ಚಿಕ್ಕೋಡಿಯಲ್ಲಿ ಬದಲಿಸಿದರೂ ಶಾಲೆಯ ಗಂಟೆಯ ಹೊತ್ತಿಗೆ ರಾಯಬಾಗ ಮುಟ್ಟಬಹುದು ಎಂದುಕೊಂಡೆ. ಕಪ್ಪುಬಸಿ ತೊಳೆದು ಬೋರಲು ಹಾಕಿದೆ. ಚಹಾದ ಪಾತ್ರೆ ತಿಕ್ಕಿದೆ. ಹಿಂಬಾಗಿಲ ಅಗಳಿ ಹಾಕಿ ಬಂದೆ.

ಇನ್ನೊಂದು ಕೆಲಸ ಉಳಿದಿತ್ತು. ಹೊಸ್ತಿಲಲ್ಲಿ ದಾದೂ ಕಾಕಾ ಬಿಟ್ಟಿದ್ದ ಚಪ್ಪಲಿಗಳು ಮನೆಯ ಒಳಕ್ಕೆ ಮುಖ ಮಾಡಿಕೊಂಡಿದ್ದವು. ಬಗ್ಗಿ ಎರಡನ್ನೂ ಎತ್ತಿದೆ. ಧೂಳು ಝಾಡಿಸಿ, ಮುಖ ಬೀದಿಯ ಕಡೆ ತಿರುಗಿಸಿ, ಕಾಲು ತೂರಿಸಲು ಅನುಕೂಲವಾಗುವಂತೆ ಜೋಡಿಸಿಟ್ಟೆ. ಅಪ್ಪ ಇನ್ನೂ ಬಹಳ ದೂರ ಹೋಗಬೇಕಿತ್ತು.